ಟೀ ಯಾರಿಗೆ, ನೀರು ಯಾರಿಗೆ

ಹೆತ್ತವರು ಅವನಿಗೂ ಒಂದು ಹೆಸರಿಟ್ಟಿದ್ದರು. ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ಪ್ರಾಂತ್ಯದ ಮುಖ್ಯಮಂತ್ರಿಗಳ ಕಚೇರಿಯಲ್ಲಿ, ಕಚೇರಿಯ ಹೊರಗಿನ ಬೆಂಚುಗಳಲ್ಲಿ, ಆ ಬೆಂಚುಗಳ ಮೇಲೆ ಕೂತು ಕೂತು ಸವೆದ ಜನರ ಬಾಯಲ್ಲಿ ಅವನು ಲೋಟದಣ್ಣ. ಸಾಹೇಬರ ಕೋಣೆಗೆ ಚಹಾ, ನೀರು ಒಯ್ಯುವ ಜವಾನ. ಇಷ್ಟೇನಾ ಎನ್ನಬೇಡಿ. ಆ ಪ್ರಾಂತ್ಯದ ಅರ್ಧ ಜನರ ಹಣೆಬರಹ ಅವನ ತಟ್ಟೆಯ ಮೇಲೆ ಹೋಗುತ್ತಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದರಿಂದಲೇ ಅವನು ಅಷ್ಟು ಬೀಗುತ್ತಿದ್ದ.

ಮೊದಲು ಆ ಸರ್ಕಾರದ ವಿಷಯ ಹೇಳಿಬಿಡುತ್ತೇನೆ. ಹಿಂದೆ ಅಲ್ಲಿ ಎಲ್ಲವೂ ರಾಜಧಾನಿಯಿಂದಲೇ ನಡೆಯುತ್ತಿತ್ತು. ಜನ ಗಲಾಟೆ ಮಾಡಿ, ತಲೆ ಒಡೆಸಿಕೊಂಡು, ನಮ್ಮ ಮನೆಯ ಅಡುಗೆ ನಾವೇ ಮಾಡಿಕೊಳ್ಳುತ್ತೇವೆ ಎಂದು ಹಟ ಹಿಡಿದ ಮೇಲೆ ಮೇಲಿನವರು ಒಂದು ಪಾಲು ಮಾಡಿಕೊಟ್ಟರು. ಸೈನ್ಯ, ನೋಟು, ಗಡಿ, ರೈಲು, ಪರದೇಶದ ವ್ಯವಹಾರ ಅವರ ಹತ್ತಿರವೇ ಉಳಿದವು. ಶಾಲೆ, ಆಸ್ಪತ್ರೆ, ರಸ್ತೆ, ಜಮೀನು, ಇಲ್ಲಿಯ ನೌಕರರ ನೇಮಕ, ವರ್ಗ, ಶಿಕ್ಷೆ ಇವೆಲ್ಲ ಪ್ರಾಂತ್ಯದ ಪಾಲಿಗೆ ಬಂದವು. ಇವುಗಳ ಯಜಮಾನ ಮುಖ್ಯಮಂತ್ರಿ. ಮಂತ್ರಿಗಳನ್ನು ಆರಿಸುವವರು ಅವರು, ಖಾತೆ ಹಂಚುವವರು ಅವರು, ಬೇಡವಾದಾಗ ಕಿತ್ತುಹಾಕುವವರೂ ಅವರೇ. ನೌಕರನೊಬ್ಬನನ್ನು ವಜಾ ಮಾಡಬೇಕೆಂದು ಇಲಾಖೆ ಹೇಳಿದರೆ ಕೊನೆಯ ಮಾತು ಅವರದು. ಬೇಡ ಅಂದರೆ ಬೇಡ, ಹೂಂ ಅಂದರೆ ಅವನ ಕಥೆ ಮುಗಿಯಿತು. ವರ್ಷಕ್ಕೊಮ್ಮೆ ಮಾತ್ರ ರಾಜಧಾನಿಗೆ ಹೋಗಿ, ಬರಬೇಕಾದ ಹಣಕ್ಕಾಗಿ ಹಲ್ಲು ಗಿಂಜಿಕೊಂಡು ನಿಲ್ಲಬೇಕು. ಅದೊಂದನ್ನು ಬಿಟ್ಟರೆ ಅವರು ರಾಜರೇ.

ಈ ರಾಜರಿಗೆ ಒಂದು ರೋಗವಿತ್ತು. ಎದುರಿಗೆ ಬಂದವರಿಗೆ ಇಲ್ಲ ಎನ್ನಲಾರರು. ಯಾರು ಏನು ಕೇಳಿದರೂ ಒಂದೇ ಉತ್ತರ. ‘ಆಗ್ಲಿ, ನೋಡೋಣ. ನೀವೇನೂ ಯೋಚ್ನೆ ಮಾಡ್ಬೇಡಿ.’ ಮಗಳಿಗೆ ಕೆಲಸ ಬೇಕೇ, ಆಗಲಿ. ಊರಿಗೆ ರೈಲು ಬೇಕೇ, ಅದು ತಮ್ಮ ಕೈಯಲ್ಲಿಲ್ಲ ಎಂದು ಗೊತ್ತಿದ್ದೂ ಆಗಲಿ. ಬಂದವರು ಕಣ್ಣೊರೆಸಿಕೊಂಡು, ಕೈಮುಗಿದು, ಮುಂದಿನ ಚುನಾವಣೆಯಲ್ಲಿ ಇವರಿಗೇ ಓಟು ಎಂದುಕೊಂಡು ಹೋಗುತ್ತಿದ್ದರು. ಒದ್ದಾಟವೆಲ್ಲ ಆಪ್ತ ಕಾರ್ಯದರ್ಶಿಯದು. ಮೂಲೆಯ ಸಣ್ಣ ಮೇಜಿನ ಹಿಂದೆ ಕೂತ ಆ ಮನುಷ್ಯನ ಒಂದು ಕಿವಿ ಪೂರ್ತಿ ಕಿವುಡು, ಇನ್ನೊಂದು ಮುಕ್ಕಾಲು. ಇಷ್ಟು ‘ಆಗಲಿ’ಗಳಲ್ಲಿ ನಿಜವಾದ ಆಗಲಿ ಯಾವುದು ಎಂದು ಅವನಿಗೆ ತಿಳಿಯುವುದು ಹೇಗೆ?

ಅದಕ್ಕೆ ಒಂದು ಏರ್ಪಾಡಾಯಿತು. ಸಾಹೇಬರ ಮೇಜಿನ ಕೆಳಗೆ ಒಂದು ಗುಂಡಿ. ಒತ್ತಿದರೆ ಹಲಗೆ ಗೋಡೆಯಾಚೆಯ ಚಹಾ ಕೋಣೆಯಲ್ಲಿ ಬೆಲ್ ಆಗುತ್ತದೆ. ಒಂದು ಸಲ ಆದರೆ ಬಂದವರಿಗೆ ಚಹಾ. ಎರಡು ಸಲ ಆದರೆ ನೀರು. ಕಾರ್ಯದರ್ಶಿಗೆ ಬೆಲ್ಲು ಕೇಳಿಸುವುದಿಲ್ಲ, ಅವನ ಕಣ್ಣು ಲೋಟದಣ್ಣನ ತಟ್ಟೆಯ ಮೇಲೆ. ಚಹಾ ಬಂದರೆ ಆ ಅರ್ಜಿಯ ಮೇಲೆ ಅವತ್ತೇ ಆದೇಶ. ನೀರು ಬಂದರೆ ಅರ್ಜಿ ಕಪಾಟಿನ ತಳ ಸೇರಿತು, ಅದಕ್ಕೆ ಎಳ್ಳುನೀರು ಬಿಟ್ಟ ಹಾಗೆ. ಈ ಗುಟ್ಟು ಗೊತ್ತಿದ್ದದ್ದು ಮೂವರಿಗೆ. ಲೋಟದಣ್ಣ ಅದನ್ನು ಮನೆಯಲ್ಲೂ ಹೇಳಿದ್ದನಾದ್ದರಿಂದ ಅವನ ಹೆಂಡತಿ, ಮಗಳು ಸೇರಿ ಐವರಿಗೆ. ಒಂದು ದಿನ ಮಂತ್ರಿಗಳ ಸಭೆಯಲ್ಲಿ ಎಲ್ಲರಿಗೂ ಚಹಾ ಹೋಯಿತು, ಸಾಹೇಬರು ಕಣ್ಣಲ್ಲೇ ತೋರಿಸಿದ ಒಬ್ಬ ಮಂತ್ರಿಗೆ ಮಾತ್ರ ನೀರು. ಪಾಪ, ಅವನು ಸೆಖೆ ಜಾಸ್ತಿ ಎಂದು ಗಟಗಟ ಕುಡಿದ. ಸಂಜೆ ಅವನು ಮನೆಗೆ ಹೋದದ್ದು ಸರ್ಕಾರಿ ಕಾರಿನಲ್ಲಲ್ಲ, ಬಾಡಿಗೆ ಗಾಡಿಯಲ್ಲಿ.

ಆ ಸಂಜೆಯನ್ನು ಲೋಟದಣ್ಣ ಮನೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡು ನಕ್ಕ. ನೋಡಿ, ಅಷ್ಟು ದೊಡ್ಡ ಮನುಷ್ಯನಿಗೂ ನೀರು ಕುಡಿಸಿದ್ದು ನನ್ನ ಕೈ ಎನ್ನುತ್ತಿದ್ದ. ಬೆಂಚಿನವರು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಯಾಕೆ ನಿಲ್ಲುತ್ತೇವೆಂದು ಅವರಿಗೆ ಗೊತ್ತಿರಲಿಲ್ಲ, ಒಳಗೆ ಹೋಗಿ ಬರುವವನು ಎಂಬ ಭಯ ಅಷ್ಟೆ. ನೀರು ಕುಡಿದು ನಗುನಗುತ್ತಾ ಹೊರಬಂದವರನ್ನು ಅವನು ಬಾಗಿಲಲ್ಲಿ ನಿಲ್ಲಿಸಿ, ‘ಏನು, ಕೆಲಸ ಆಯ್ತಾ?’ ಎಂದು ಬೇಕೆಂದೇ ಕೇಳುತ್ತಿದ್ದ. ಅವರು, ‘ಆಯ್ತು ಅಣ್ಣಾ, ದೇವರಂಥೋರು ಸಾಹೇಬ್ರು’ ಎಂದಾಗ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಸುಮ್ಮನೆ ಹೇಳುತ್ತಾರೆಯೇ? ಇಲ್ಲಿ ಇಲಿಗೆ ತನ್ನ ಸಂಕಟವೂ ಗೊತ್ತಿರಲಿಲ್ಲ.

ಮೇಷ್ಟರ ವಿಷಯ ಹೇಳದಿದ್ದರೆ ಇವನ ಕಥೆ ಪೂರ್ತಿಯಾಗುವುದಿಲ್ಲ. ಮಗಳು ಶಾಲೆಯಲ್ಲಿದ್ದಾಗ ಒಬ್ಬ ಮೇಷ್ಟರು ಲೆಕ್ಕ ತಪ್ಪಿದ್ದಕ್ಕೆ ತರಗತಿಯ ಎದುರು, ‘ಲೋಟ ತೊಳೆಯೋನ ಮಗಳಿಗೆ ಲೆಕ್ಕ ಯಾಕೆ ಬೇಕು’ ಎಂದಿದ್ದರು. ಎಷ್ಟೋ ವರ್ಷ ಕಳೆದ ಮೇಲೆ ಅದೇ ಮೇಷ್ಟರು ಬೆಂಚಿನ ಮೇಲೆ ಬಂದು ಕೂತರು. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ತಮ್ಮ ಶಾಲೆ ಗಡಿಯ ಹತ್ತಿರ, ಬಸ್ಸಿನಲ್ಲಿ ಒಂದು ಹಗಲಿನ ದಾರಿ, ಊರಿಗೆ ವರ್ಗ ಮಾಡಿಕೊಡಿ ಎಂದು ಕೇಳಲು ಬಂದಿದ್ದರು. ಲೋಟದಣ್ಣ ಹಲಗೆ ಗೋಡೆಗೆ ಕಿವಿಯಿಟ್ಟು ಎಲ್ಲ ಕೇಳಿಸಿಕೊಂಡ. ಬೆಲ್ ಒಂದೇ ಸಲ ಆಯಿತು. ಹಾಲು ಉಕ್ಕುತ್ತಿತ್ತು. ಅವನು ಒಲೆ ಆರಿಸಿ, ಲೋಟಕ್ಕೆ ನೀರು ತುಂಬಿಸಿ, ತಟ್ಟೆಯಲ್ಲಿಟ್ಟು ಒಯ್ದ. ಸಾಹೇಬರು ಏನೋ ಓದುತ್ತಿದ್ದರು. ಕಾರ್ಯದರ್ಶಿ ತಟ್ಟೆ ನೋಡಿದ, ಅರ್ಜಿಯನ್ನು ತಳಕ್ಕೆ ಸರಿಸಿದ. ಮೇಷ್ಟರು ನೀರು ಕುಡಿದು, ‘ಬಾಯಿ ಒಣಗಿತ್ತಪ್ಪಾ, ನಿನಗೆ ಪುಣ್ಯ ಬರ್ಲಿ’ ಎಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇವನಿಗಾಗಿಯೇ ಹುಟ್ಟಿದ್ದಿರಬೇಕು.

ವರ್ಗದ ಆದೇಶ ಬರಲಿಲ್ಲ. ಹೆಂಡತಿ ಸತ್ತಾಗ ಮೇಷ್ಟರು ಇನ್ನೂ ಬಸ್ಸಿನಲ್ಲಿದ್ದರಂತೆ. ಲೋಟದಣ್ಣ ಇದನ್ನು ಊಟಕ್ಕೆ ಕೂತಾಗ ಹೇಳಿದ. ಮಗಳು ಅಷ್ಟರಲ್ಲಿ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸು. ಅವಳು ತಲೆಯೆತ್ತಿ ಅಪ್ಪನನ್ನೇ ನೋಡಿದಳು.

‘ಅವರು ಬೈದಿದ್ದು ನನ್ನನ್ನಲ್ವಾ ಅಪ್ಪಾ? ನಾನು ಅವತ್ತೇ ಮರ್ತಿದ್ದೆ.’

‘ನೀನು ಮರೀಬಹುದು ಕಣಮ್ಮಾ. ಹೆತ್ತ ಹೊಟ್ಟೆ ಮರೆಯಲ್ಲ.’

‘ಹೆತ್ತೋಳು ನಾನು, ನನಗೇ ಮರ್ತು ಹೋಗಿತ್ತು’ ಎಂದಳು ಹೆಂಡತಿ. ಮಗಳು ಎದ್ದು ಕೈ ತೊಳೆದುಕೊಂಡಳು. ಅವಳು ಅಪ್ಪನ ಜೊತೆ ಸರಿಯಾಗಿ ಮಾತಾಡಲು ಬಹಳ ದಿನ ಹಿಡಿಯಿತು, ಅವನಿಗೆ ಮಾತ್ರ ನಿದ್ದೆ ಚೆನ್ನಾಗಿಯೇ ಬಂತು.

ಇಂಥವನ ಮನೆಗೇ ಕಿಚ್ಚು ಬಿತ್ತು. ಮಕ್ಕಳ ವಾರ್ಡಿಗೆ ಹೊಸದಾಗಿ ಬಂದ ಇಂಜೆಕ್ಷನ್ ಔಷಧಿ ಕದಡಿದಂತೆ ಕಾಣುತ್ತಿತ್ತು. ಮಗಳು ಅದನ್ನು ಬೆಳಕಿಗೆ ಹಿಡಿದು ಡಾಕ್ಟರಿಗೆ ತೋರಿಸಿದಳು. ‘ಬೇರೆ ಇಲ್ಲ, ಇರೋದನ್ನೇ ಕೊಡಿ’ ಎಂದರು ಡಾಕ್ಟರು. ಕೊಟ್ಟಳು. ಕತ್ತಲಾಗುವಷ್ಟರಲ್ಲಿ ಒಂದು ಕೂಸು ಸತ್ತುಹೋಯಿತು. ಔಷಧಿ ಸರಬರಾಜು ಮಾಡಿದವರು ಸಾಹೇಬರ ಭಾವಮೈದುನ ಎಂಬುದು ಆಸ್ಪತ್ರೆಯ ಕಸ ಗುಡಿಸುವವಳಿಗೂ ಗೊತ್ತಿತ್ತು. ವಿಚಾರಣೆ ಮಾಡಿದವರಿಗೆ ಮಾತ್ರ ಗೊತ್ತಾಗಲಿಲ್ಲ. ತಪ್ಪು ನರ್ಸಿನದು, ಅವಳನ್ನು ವಜಾ ಮಾಡಿ ಪೊಲೀಸರಿಗೆ ಒಪ್ಪಿಸಬೇಕು ಎಂದು ಬರೆದು, ಕೊನೆಯ ಮಾತಿಗಾಗಿ ಮುಖ್ಯಮಂತ್ರಿಗಳ ಕಚೇರಿಗೆ ಕಳಿಸಿದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ.

ಹೆಂಡತಿ ಒಲೆಯ ಮುಂದೆ ಕೂತು ಅತ್ತಳು. ಲೋಟದಣ್ಣ ಮಾತ್ರ ಎದೆ ತಟ್ಟಿಕೊಂಡ. ‘ಅಳೋದೇನಿದೆ? ಇದೇನು ಸೈನ್ಯವಾ, ರೈಲಾ, ಮೇಲಿನವರನ್ನ ಕೇಳೋಕೆ? ಆಸ್ಪತ್ರೆ ನಮ್ಮದು. ನೌಕರರು ನಮ್ಮೋರು. ಸಾಹೇಬ್ರು ಬೇಡ ಅಂದ್ರೆ ಬೇಡ. ಇಷ್ಟು ವರ್ಷ ಅವರ ಬಾಯಿಗೆ ಟೀ ಹಿಡಿದಿದ್ದೀನಿ, ನನ್ನ ಮಗಳನ್ನ ಬಿಡ್ತಾರಾ?’

ಕೆಲವು ದಿನಗಳಾದ ಮೇಲೆ ಸತ್ತ ಕೂಸಿನ ತಾಯಿ ಬೆಂಚಿಗೆ ಬಂದಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂದಿತ್ತು, ಕಂಡ ಕೂಡಲೇ ಲೋಟದಣ್ಣ ಗುರುತಿಸಿದ. ಅವಳು ಒಳಗೆ ಹೋದಾಗ ಅವನು ಗೋಡೆಗೆ ಕಿವಿಯಿಡಲಿಲ್ಲ. ಸತ್ತ ಮಗುವಿನ ತಾಯಿ ಮತ್ತೇನು ಕೇಳುತ್ತಾಳೆ, ನರ್ಸನ್ನು ಜೈಲಿಗೆ ಹಾಕಿ ಎನ್ನುತ್ತಾಳೆ, ಅಷ್ಟೇ ತಾನೆ? ಅವನು ಕೈ ಜೋಡಿಸಿ ಬೆಲ್ಲಿನ ಕೆಳಗೆ ನಿಂತ. ಒಂದು ಸಲ ಆಯಿತು. ಅವನ ಜೀವ ಬಾಯಿಗೆ ಬಂತು. ಇನ್ನೊಂದು ಸಲ ಆಯಿತು. ಇವನಿಗೆ ಕುಣಿಯುವುದೊಂದು ಬಾಕಿ.

ನೀರು ಒಯ್ದುಕೊಟ್ಟ. ತಾಯಿ ಲೋಟ ಹಿಡಿದುಕೊಂಡು ಕುಡಿಯದೆ ಕೂತಿದ್ದಳು. ‘ಕುಡಿಯಮ್ಮಾ, ಕುಡಿದು ಹೊರಡು. ಹೊರಗಡೆ ಜನ ಕಾಯ್ತಿದ್ದಾರೆ’ ಎಂದ. ಅವಳು ಒಂದು ಗುಟುಕು ಕುಡಿದು, ಲೋಟವನ್ನು ಅವನ ಕೈಗೇ ಕೊಟ್ಟು, ಕೈಮುಗಿದು ಹೋದಳು. ಎದೆ ಅಂತ ಒಂದಿದ್ದರೆ ಅಲ್ಲಿಯೇ ಒಡೆಯಬೇಕಿತ್ತು. ಇವನು ದಾರಿಯಲ್ಲಿ ಮಿಠಾಯಿ ಕಟ್ಟಿಸಿಕೊಂಡು ಮನೆಗೆ ಹೋದ.

‘ತಗೋ, ಬಾಯಿ ಸಿಹಿ ಮಾಡ್ಕೋ’ ಎಂದು ಮಗಳ ಮುಂದೆ ಪೊಟ್ಟಣ ಬಿಚ್ಚಿದ. ‘ನಿನ್ನ ಮೇಲೆ ದೂರು ಹೇಳೋಕೆ ಬಂದಿದ್ಲು ಆಯಮ್ಮ. ನೀರು ಕುಡಿಸಿ ಕಳಿಸಿದೆ. ಎರಡು ಬೆಲ್ಲು, ನನ್ನ ಕಿವಿಯಾರೆ ಕೇಳಿದೀನಿ. ನೀನಿನ್ನು ನಿಶ್ಚಿಂತೆ.’

ಮಗಳು ಪೊಟ್ಟಣ ಮುಟ್ಟಲಿಲ್ಲ.

‘ಆಯಮ್ಮ ನನ್ನ ಮೇಲೆ ದೂರು ಹೇಳೋಕೆ ಬಂದಿದ್ದಲ್ಲ ಅಪ್ಪಾ. ಅವರನ್ನ ಕಳಿಸಿದ್ದೇ ನಾನು. ಔಷಧಿ ಕೆಟ್ಟಿತ್ತು, ಅದನ್ನ ತರಿಸಿದ್ದು ಯಾರು ಅಂತ ಹೋಗಿ ಕೇಳಮ್ಮಾ ಅಂತ ಹೇಳಿದ್ದೆ. ಅವರು ಅದನ್ನೇ ಕೇಳಿದಾರೆ. ನೀನು ಅವರಿಗೆ ಕೊಟ್ಟ ನೀರು ನನ್ನ ಪಾಲಿಂದೂ ಹೌದು.’

ಆ ಮನೆಯಲ್ಲಿ ಅವತ್ತು ಯಾರೂ ಉಣ್ಣಲಿಲ್ಲ. ಲೋಟದಣ್ಣನಿಗೆ ಮೊದಲ ಸಲ ಭಯವಾಯಿತು. ಭಯ ಎಂದರೆ ಹೇಗಿರುತ್ತದೆಂದು ಬೆಂಚಿನ ಮೇಲೆ ಕೂತವರ ಮುಖದಲ್ಲಿ ದಿನಾ ನೋಡುತ್ತಿದ್ದವನು ಅವನು, ಆದರೆ ಅದು ಹೊಟ್ಟೆಯೊಳಗೆ ಹೀಗೆ ತಣ್ಣಗೆ ಕೂರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಒಗೆದ ಅಂಗಿ ಹಾಕಿಕೊಂಡು, ಕೈಯಲ್ಲಿ ಅರ್ಜಿ ಹಿಡಿದು, ಅವನೂ ಬೆಂಚಿನ ತುದಿಯಲ್ಲಿ ಕೂತ. ‘ಏನು ಲೋಟದಣ್ಣಾ, ನೀವೂ ನಮ್ಮ ಪಕ್ಕಾನೇ ಬಂದ್ರಾ?’ ಎಂದು ಒಬ್ಬ ಮುದುಕ ನಕ್ಕ. ಬದಲಿ ಜವಾನ ಯಾರೂ ಇರಲಿಲ್ಲ. ಹಾಗಾಗಿ ಬೆಲ್ ಆದಾಗಲೆಲ್ಲ ಎದ್ದು ಹೋಗಿ, ಯಾರಿಗೋ ಚಹಾ, ಯಾರಿಗೋ ನೀರು ಕೊಟ್ಟು, ಮತ್ತೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಅವತ್ತು ಬಾಗಿಲಲ್ಲಿ ಅವನು ಯಾರನ್ನೂ ಕೆಲಸ ಆಯಿತಾ ಎಂದು ಕೇಳಲಿಲ್ಲ.

ಸರದಿ ಬಂತು. ಸಾಹೇಬರು ಅರ್ಧ ಎದ್ದು ನಿಂತರು.

‘ಬನ್ನಿ ಬನ್ನಿ, ನೀವ್ಯಾಕೆ ಹೊರಗೆ ಕಾದಿದ್ದು? ಮನೆಯವರಿದ್ದ ಹಾಗೆ ನೀವು. ಕೂತ್ಕೊಳ್ಳಿ.’

ಅಷ್ಟು ವರ್ಷದಲ್ಲಿ ಆ ಕುರ್ಚಿಯನ್ನು ಅವನು ಒರೆಸಿದ್ದ, ಎಂದೂ ಕೂತಿರಲಿಲ್ಲ. ಅಂಚಿನಲ್ಲಿ ಕೂತ. ಬಾಯಿಗೆ ಬಂದದ್ದನ್ನೆಲ್ಲ ಹೇಳಿದ. ಒಬ್ಬಳೇ ಮಗಳು, ಡಾಕ್ಟರು ಹೇಳಿದ್ದನ್ನು ಮಾಡಿದಳು, ಔಷಧಿ ಯಾರು ತರಿಸಿದರೆಂಬ ಮಾತು ಅವಳು ಇನ್ನು ಮೇಲೆ ಎತ್ತುವುದಿಲ್ಲ, ಬೇಕಾದರೆ ಕಾಲಿಗೆ ಬೀಳಿಸುತ್ತೇನೆ, ನನ್ನ ಉಳಿದ ನೌಕರಿ ಬೇಕಾದರೂ ತೆಗೆದುಕೊಳ್ಳಿ ಎಂದ. ಹೇಳುತ್ತ ಹೇಳುತ್ತ ಅವನ ಮೂಗು ಸೋರಿತು. ಸಾಹೇಬರು ತಲೆಯಾಡಿಸುತ್ತಾ ಕೇಳಿದರು. ಅಷ್ಟು ಗಮನವಿಟ್ಟು ಕೇಳುವವರು ಆ ಪ್ರಾಂತ್ಯದಲ್ಲಿ ಇನ್ನೊಬ್ಬರಿರಲಿಲ್ಲ.

‘ನಿಮ್ಮ ಮಗಳು ನನ್ನ ಮಗಳಲ್ವಾ? ಆಗ್ಲಿ, ನೋಡೋಣ. ನೀವೇನೂ ಯೋಚ್ನೆ ಮಾಡ್ಬೇಡಿ.’

ಹಲಗೆ ಗೋಡೆಯಾಚೆ ಬೆಲ್ ಆಯಿತು. ಇನ್ನೊಮ್ಮೆ ಆಯಿತು. ಲೋಟದಣ್ಣ ಎದ್ದ. ಕಾಲುಗಳು ತಾವಾಗಿ ಎದ್ದವು ಎನ್ನಬೇಕು. ಚಹಾ ಕೋಣೆಗೆ ಹೋಗಿ, ಲೋಟ ತೆಗೆದು, ಹೂಜಿ ಬಗ್ಗಿಸಿದ ಮೇಲೆಯೇ ಅವನಿಗೆ ಹೊಳೆದದ್ದು, ಈ ನೀರು ಯಾರಿಗೆ ಎಂದು. ಲೋಟ ತುಂಬಿ ಅವನ ಅಂಗಿಯ ತೋಳಿನ ಮೇಲೆ ಚೆಲ್ಲಿತು.

ಒಲೆಯ ಮೇಲೆ ಹಾಲು ಬಿಸಿಯಾಗಿತ್ತು. ಅವನು ಅದನ್ನು ನೋಡಿದ. ಕಿವುಡ ಕಾರ್ಯದರ್ಶಿ ನೋಡುವುದು ತಟ್ಟೆಯನ್ನು ಮಾತ್ರ. ಒಂದು ಬೆಲ್ಲಿಗೆ ನೀರು ಕೊಟ್ಟು ಮೇಷ್ಟರ ಸಂಸಾರ ಮುಳುಗಿಸಿದ ಕೈಗೆ, ಎರಡು ಬೆಲ್ಲಿಗೆ ಚಹಾ ಕೊಟ್ಟು ತನ್ನ ಸಂಸಾರ ಉಳಿಸಿಕೊಳ್ಳಲು ಬರುವುದಿಲ್ಲವೇ? ಲೋಟವನ್ನು ಪಕ್ಕಕ್ಕಿಟ್ಟ. ಇದ್ದುದರಲ್ಲಿ ಒಳ್ಳೆಯ ಕಪ್ಪು ತೆಗೆದು, ಚಹಾ ಸೊಪ್ಪು ಧಾರಾಳವಾಗಿ ಹಾಕಿ, ಜೀವನದಲ್ಲೇ ಮಾಡದಂಥ ಚಹಾ ಮಾಡಿದ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಬಂದ. ಮೂಲೆಯಲ್ಲಿ ಕಾರ್ಯದರ್ಶಿ ಕಪ್ಪನ್ನು ನೋಡಿ ಪೆನ್ನಿನ ಮುಚ್ಚಳ ತೆಗೆದ.

ಸಾಹೇಬರೂ ಕಪ್ಪನ್ನು ನೋಡಿದರು. ಮುಖದ ನಗು ಹಾಗೇ ಇತ್ತು. ಕೈ ಚಾಚಿ ತಟ್ಟೆಯಿಂದ ಕಪ್ಪು ಎತ್ತಿಕೊಂಡರು.

‘ನನಗಾ? ಒಳ್ಳೇದಾಯ್ತು. ತಲೆ ನೋಯ್ತಾ ಇತ್ತು.’ ಒಂದು ಗುಟುಕು ಹೀರಿದರು. ‘ಚೆನ್ನಾಗಿದೆ. ದಿನಾ ಯಾಕೆ ಹೀಗೆ ಮಾಡಲ್ಲ ನೀವು?’

ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿಕೊಂಡ. ಲೋಟದಣ್ಣ ಬರಿಯ ತಟ್ಟೆ ಹಿಡಿದು ನಿಂತಿದ್ದ.

‘ಆ ಮೇಷ್ಟ್ರು ಬಂದಿದ್ದು ನೆನಪಿದ್ಯಾ?’ ಎಂದರು ಸಾಹೇಬರು, ಮಗುವಿಗೆ ಪಾಠ ಹೇಳುವಷ್ಟು ಮೆತ್ತಗೆ. ‘ನಾನು ಒಂದೇ ಸಲ ಒತ್ತಿದ್ದೆ. ನೀವು ನೀರು ತಂದ್ರಿ. ನೋಡಿದೆ. ಇರ್ಲಿ, ಇವನಿಗೂ ಒಂದು ಆಸೆ ಇರುತ್ತೆ ಅಂತ ಸುಮ್ಮನಾದೆ. ನಾನು ಸುಮ್ಮನಿದ್ರೆ ಅದು ನಿಮ್ಮ ಅಧಿಕಾರ. ಇಲ್ದಿದ್ರೆ ಇಲ್ಲ. ಮೇಲಿನವರು ನನಗೆ ಕೊಟ್ಟಿರೋದೂ ಹೀಗೇನೇ. ಅವರು ಸುಮ್ಮನಿರೋ ತನಕ ನನ್ನದು.’

ಮೇಜಿನ ಕೆಳಗೆ ಅವರ ಕೈ ಹೋಯಿತು. ಬೆಲ್ ಆಯಿತು. ಎಣಿಸಿಕೊಳ್ಳಲು ಬಿಡುವು ಕೊಟ್ಟು, ಇನ್ನೊಮ್ಮೆ ಆಯಿತು.

ಅವನು ಹೋದ. ಪಕ್ಕಕ್ಕಿಟ್ಟಿದ್ದ ಲೋಟ ಅಲ್ಲೇ ಇತ್ತು. ಅದನ್ನು ತಟ್ಟೆಯಲ್ಲಿಟ್ಟು ತಂದು, ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತ. ಕೊಡಲು ಅಲ್ಲಿ ಯಾರೂ ಇರಲಿಲ್ಲ.

‘ಕೂತ್ಕೊಂಡು ಕುಡೀರಿ’ ಎಂದರು ಸಾಹೇಬರು. ‘ಪಾಪ, ಬೆಳಗ್ಗೆಯಿಂದ ಓಡಾಡಿದೀರಿ.’

ಕೂತ. ಕುಡಿದ. ಅರ್ಧಕ್ಕೆ ನಿಲ್ಲಿಸಿದಾಗ ಸಾಹೇಬರು ಪ್ರೀತಿಯಿಂದ ಲೋಟದ ಕಡೆ ಕೈ ತೋರಿಸಿದರು. ಪೂರ್ತಿ ಕುಡಿದ. ಮೂಲೆಯಲ್ಲಿ ಕಾರ್ಯದರ್ಶಿ ಅವನ ಅರ್ಜಿಯನ್ನು ತಳಕ್ಕೆ ಸರಿಸಿ, ಮಗಳ ವಜಾ ಕಾಗದವನ್ನು ಸಾಹೇಬರ ಸಹಿಗೆ ಮೇಲೆ ಇಟ್ಟ. ಲೋಟದಣ್ಣ ಎದ್ದು ಕೈಮುಗಿದ. ಸಾಹೇಬರ ಖಾಲಿ ಕಪ್ಪನ್ನೂ ತನ್ನ ಲೋಟವನ್ನೂ ಒಂದೇ ತಟ್ಟೆಯಲ್ಲಿಟ್ಟುಕೊಂಡು ಚಹಾ ಕೋಣೆಗೆ ಬಂದು, ಎರಡನ್ನೂ ತೊಳೆದು ಬೋರಲು ಹಾಕಿದ.

ಬೆಂಚಿನ ಜನ ಇನ್ನೂ ಇದ್ದರು. ಅವರ ನಡುವಿನಿಂದ ಯಾರೂ ಒಳಗೆ ಹೋಗಲಿಲ್ಲ. ಹಿಂದಿನ ಬಾಗಿಲು ತೆರೆದುಕೊಂಡಿತು, ಅತ್ತರಿನ ವಾಸನೆ ಬಂತು, ಒಳಗೆ ಇಬ್ಬರು ಜೋರಾಗಿ ನಕ್ಕರು. ಬೆಲ್ ಆಯಿತು. ಲೋಟದಣ್ಣ ಕಿವಿಗೊಟ್ಟು ಕಾದ. ಎರಡನೆಯ ಸಲ ಆಗಲಿಲ್ಲ.

ಅವನು ಒಲೆ ಹಚ್ಚಿದ. ಚಹಾ ತೆಗೆದುಕೊಂಡು ಹೋದಾಗ ಕುರ್ಚಿಯಲ್ಲಿ ಸಾಹೇಬರ ಭಾವಮೈದುನ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕುರ್ಚಿ ಇನ್ನೂ ಬೆಚ್ಚಗಿದ್ದಿರಬೇಕು.

‘ಸಕ್ಕರೆ ಎಷ್ಟು ಹಾಕ್ಲಿ ಸ್ವಾಮಿ?’ ಎಂದು ಕೇಳಿದ ಲೋಟದಣ್ಣ.

‘ಎರಡು ಚಮಚ’ ಎಂದರು ಅವರು, ಅವನ ಕಡೆ ನೋಡದೆ.

ಎರಡು ಚಮಚ ಹಾಕಿ, ಚೆನ್ನಾಗಿ ಕರಗುವ ತನಕ ಕಲಕಿ ಕೊಟ್ಟ.